ನದಿ ಕಾರಿಡಾರ್ ಅಳತೆಗೆ ಕ್ಯೂಜಿಐಎಸ್: ತಿರುವುಗಳಲ್ಲಿ ಎಡವುವ ಅಡ್ಡಗೆರೆಗಳು

ನದಿಯ ಪಾತ್ರ, ಇಕ್ಕೆಲದ ಪ್ರವಾಹ ಬಯಲು ಮತ್ತು ದಂಡೆಯ ಹಸಿರು ಪಟ್ಟಿ ಇವೆಲ್ಲ ಸೇರಿದ ಕಾರಿಡಾರ್‌ನ ಅಗಲವನ್ನು ಅಳೆಯಲು ನಾನು ಹಲವು ವರ್ಷಗಳಿಂದ ಕ್ಯೂಜಿಐಎಸ್ ಎಂಬ ಉಚಿತ ನಕ್ಷಾ ತಂತ್ರಾಂಶವನ್ನೇ ನೆಚ್ಚಿಕೊಂಡಿದ್ದೇನೆ. ಪರವಾನಗಿಗಾಗಲಿ ಉಪಗ್ರಹ ಚಿತ್ರಗಳಿಗಾಗಲಿ ಹಣ ತೆರುವ ಸ್ಥಿತಿಯಲ್ಲಿ ನಾನಿಲ್ಲವಾದ್ದರಿಂದ ಈ ಆಯ್ಕೆಯಲ್ಲಿ ಜೇಬಿನ ಪಾತ್ರವೂ ಇದೆ.

ಕೆಲಸಕ್ಕೆ ಕುಳಿತಾಗ ನಾನು ಮೊದಲು ಮಾಡುವುದು ಎಲ್ಲ ನಕ್ಷಾ ಪದರಗಳನ್ನೂ ಆ ಪ್ರದೇಶದ ಯುಟಿಎಂ ವಲಯಕ್ಕೆ, ಅಂದರೆ ದೂರವನ್ನು ಮೀಟರ್‌ಗಳಲ್ಲಿ ಹೆಚ್ಚುಕಡಿಮೆ ಸರಿಯಾಗಿ ತೋರಿಸುವ ಪ್ರಕ್ಷೇಪಣಕ್ಕೆ (ಗುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನಕ್ಕೆ) ಬದಲಿಸುವುದು. ಏಕೆಂದರೆ ಆನ್‌ಲೈನ್ ನಕ್ಷೆಗಳಲ್ಲಿ ಬಳಕೆಯಲ್ಲಿರುವ ವೆಬ್ ಮರ್ಕೇಟರ್ ಪ್ರಕ್ಷೇಪಣದಲ್ಲಿ 60 ಡಿಗ್ರಿ ಅಕ್ಷಾಂಶದ ನದಿಯೊಂದು ಇದ್ದುದರ ಎರಡರಷ್ಟು ಅಗಲವಾಗಿ ಕಾಣುತ್ತದೆ. ಬಳಿಕ ಜನರೇ ಸೇರಿ ರೂಪಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಿಂದ ನೀರಿನ ಬಹುಭುಜವನ್ನು (ನೀರಿನ ಅಂಚನ್ನು ಸುತ್ತುವರಿದ ಆಕೃತಿಯನ್ನು) ಹಾಸಿ, ಅದರ ಮೇಲೆ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಪಿಕ್ಸೆಲ್‌ನ ಚಿತ್ರವನ್ನೂ, 1984ರಿಂದೀಚೆಗೆ ಎಲ್ಲಿ ಎಷ್ಟು ಬಾರಿ ನೀರು ಕಂಡಿತೆಂದು 30 ಮೀಟರ್ ಚೌಕಗಳಲ್ಲಿ ತೋರಿಸುವ ಜಾಗತಿಕ ನೀರಿನ ದತ್ತಾಂಶವನ್ನೂ ಇಟ್ಟು, ಪದರಗಳನ್ನು ಒಂದೊಂದಾಗಿ ಮರೆಮಾಡುತ್ತ, ತೆರೆಯುತ್ತ ನೋಡುತ್ತೇನೆ. ಬೇಸಿಗೆಯ ಚಿತ್ರ ನೋಡಿ ಎಳೆದ ದಂಡೆಗೂ ನೆರೆನೀರು ತಲುಪುವ ಅಂಚಿಗೂ ಎಷ್ಟು ಅಂತರವಿದೆ ಎಂಬುದು ಹೀಗೆ ಕಣ್ಣಿಗೆ ಕಟ್ಟುತ್ತದೆ. ಈ ಹಂತ ನನಗೆ ಇಂದಿಗೂ ಬೇಸರ ತಂದಿಲ್ಲ.

ಬೇಸರ ಶುರುವಾಗುವುದು ಅಗಲ ಅಳೆಯಲು ನದಿಗೆ ಅಡ್ಡಲಾಗಿ ಎಳೆಯುವ ಅಡ್ಡಗೆರೆಗಳಿಂದ. ಟ್ರಾನ್ಸೆಕ್ಟ್ ಎಂಬ ಸಾಧನವು ನದಿಯ ನಡುವೆ ಸಾಗುವ ಮಧ್ಯರೇಖೆಯ ಪ್ರತಿ ಬಿಂದುವಿನಲ್ಲೂ, ರೇಖೆ ಅಲ್ಲಿ ಸಾಗುವ ದಿಕ್ಕಿಗೆ ಲಂಬವಾಗಿ ಒಂದು ಗೆರೆ ಎಳೆಯುತ್ತದೆ. ಉಪಗ್ರಹ ಚಿತ್ರದಿಂದ ತೆಗೆದ ಮಧ್ಯರೇಖೆ ಪಿಕ್ಸೆಲ್‌ಗಳ ಅಂಚನ್ನು ಹಿಡಿದು ಮೆಟ್ಟಿಲುಮೆಟ್ಟಿಲಾಗಿ ಸಾಗುವುದರಿಂದ ಗೆರೆಗಳು ದಿಕ್ಕುಗೆಟ್ಟು ಒಂದನ್ನೊಂದು ಕತ್ತರಿಸುತ್ತವೆ. ಡೊಂಕು ಹೆಚ್ಚಿರುವ ನದಿಯಲ್ಲಿ ಪಾಡು ಇನ್ನೂ ಕಷ್ಟ: ಉದ್ದನೆಯ ಗೆರೆ ತನ್ನ ತಿರುವನ್ನು ದಾಟಿ ಪಕ್ಕದ ತಿರುವನ್ನೂ ಹಾಯುತ್ತದೆ, ಬಹುಭುಜಕ್ಕೆ ಕತ್ತರಿಸಿದ ಮೇಲೆ ಉಳಿಯುವ ತುಂಡುಗಳೆಲ್ಲ ಒಂದೇ ಗೆರೆಯ ಭಾಗಗಳಾಗಿರುತ್ತವೆ, ಉದ್ದದ ಲೆಕ್ಕ ಅವನ್ನೆಲ್ಲ ಕೂಡಿಸಿ ಒಂದೇ ಅಗಲವೆಂದು ಕೊಡುತ್ತದೆ. ಎಚ್ಚರಿಕೆಯ ಸಂದೇಶವೊಂದೂ ಬರುವುದಿಲ್ಲ, ಕೋಷ್ಟಕದಲ್ಲಿ ಅಂಕಿ ಮಾತ್ರ ದಶಮಾಂಶ ಸಮೇತ ಠೀವಿಯಿಂದ ಕುಳಿತಿರುತ್ತದೆ. ರೇಖೆಯನ್ನು ಮೊದಲು ಸರಳಗೊಳಿಸಿ ನಯಗೊಳಿಸುವುದು, ಸಮಾನ ಅಂತರದಲ್ಲಿ ಬಿಂದುಗಳನ್ನು ಇಡುವುದು, ತುಂಡುಗಳನ್ನು ಬಿಡಿಸಿ ಮಧ್ಯರೇಖೆಯ ಮೂಲಬಿಂದುವನ್ನು ಮುಟ್ಟುವ ತುಂಡನ್ನಷ್ಟೇ ಉಳಿಸುವುದು, ಇವೆಲ್ಲ ಬಳಕೆದಾರರ ಪಾಲಿನ ಕೆಲಸಗಳು.

ಇದಕ್ಕೂ ಆಳವಾದ ತೊಡಕೊಂದಿದೆ. ಪಾತ್ರದ ಅಗಲಕ್ಕೆ ನೀರಿನ ಮಧ್ಯರೇಖೆ ಸರಿ; ಕಾರಿಡಾರ್‌ನ ಅಗಲಕ್ಕೆ ಕಣಿವೆಯ ತಳದ ಅಕ್ಷ ಬೇಕು, ಏಕೆಂದರೆ ನದಿ ಅಡ್ಡಾದಿಡ್ಡಿ ಹರಿದರೂ ಬಯಲು ಕಣಿವೆಯ ದಿಕ್ಕಿನಲ್ಲೇ ಚಾಚಿರುತ್ತದೆ. ಎರಡು ರೇಖೆಗಳಿಂದ ಎರಡು ಬೇರೆ ಉತ್ತರಗಳು ಬರುತ್ತವೆ, ತಂತ್ರಾಂಶಕ್ಕೆ ಎರಡೂ ಒಂದೇ. ಬಯಲಿನ ಅಂಚನ್ನು ಯುರೋಪಿನ ಭೂವೀಕ್ಷಣಾ ಕಾರ್ಯಕ್ರಮವಾದ ಕೋಪರ್ನಿಕಸ್‌ನ, 30 ಮೀಟರ್ ಚೌಕಗಳಲ್ಲಿ ಎತ್ತರ ತೋರಿಸುವ ಮಾದರಿಯಿಂದ ಗುರುತಿಸಲು ಹೊರಟರೆ, ಅದು ಮರಗಳ ತುದಿಯನ್ನೂ ನೆಲದ ಎತ್ತರದೊಳಗೆ ಸೇರಿಸಿಕೊಂಡಿರುವುದರಿಂದ ದಟ್ಟ ದಂಡೆಗಾಡು ಏರಿಯಂತೆ ಕಂಡು ಕಾರಿಡಾರ್ ಕಿರಿದಾಗುತ್ತದೆ. ಯಾವ ಕಾಡಿಗಾಗಿ ಅಳೆಯುತ್ತಿದ್ದೇವೋ ಅದೇ ಅಳತೆಗೆ ಅಡ್ಡಬರುವುದು ವಿಪರ್ಯಾಸವೇ ಸರಿ.

ಇಷ್ಟೆಲ್ಲ ಆದರೂ ನಾನು ಈ ಸಾಧನವನ್ನು ಬಿಟ್ಟಿಲ್ಲ. ಕೋಷ್ಟಕವನ್ನು ಒಮ್ಮೆಗೆ ಒಂದೇ ಗೆರೆಯ ವಿವರ ತೋರಿಸುವ ಫಾರ್ಮ್ ನೋಟಕ್ಕೆ ಬದಲಿಸಿ, ನಕ್ಷೆ ತಾನಾಗಿ ಆಯಾ ಗೆರೆಯ ಬಳಿಗೆ ಸರಿಯುವ ಸಣ್ಣ ಗುಂಡಿಯನ್ನು ಒತ್ತಿದರೆ, ಮೇಲ್ಹರಿವಿನಿಂದ ಕೆಳಹರಿವಿನವರೆಗೆ ಗೆರೆಗೆರೆಯಾಗಿ ನದಿಯುದ್ದಕ್ಕೂ ಸಾಗಬಹುದು. ನಾನು ನಿರೀಕ್ಷಿಸದಿದ್ದ ಸುಖವೆಂದರೆ ಇದೇ. ಕೆಟ್ಟ ಗೆರೆಯನ್ನು ಅಳಿಸುತ್ತ ಹೋಗುವಾಗ ಹಳೆಯ ಪಾತ್ರದ ಕುರುಹು, ಮರಳ ದಿಬ್ಬ, ದಂಡೆಯನ್ನು ಒತ್ತಿದ ರಸ್ತೆ ಎಲ್ಲವೂ ಒಂದೊಂದಾಗಿ ಎದುರಾಗುತ್ತವೆ.

ಸರಾಸರಿ ಅಗಲವಷ್ಟೇ ಬೇಕಿದ್ದರೆ ನಾನೀಗ ಅಡ್ಡಗೆರೆಗಳ ಗೊಡವೆಗೇ ಹೋಗುವುದಿಲ್ಲ. ಬಹುಭುಜವನ್ನು ಅಕ್ಷದ ಉದ್ದಕ್ಕೆ ಭಾಗಗಳಾಗಿ ಕತ್ತರಿಸಿ, ಪ್ರತಿ ಭಾಗದ ವಿಸ್ತೀರ್ಣವನ್ನು ಅದರೊಳಗಿನ ಅಕ್ಷದ ಉದ್ದದಿಂದ ಭಾಗಿಸಿದರೆ ಸಾಕು. ಅತಿ ಕಿರಿದಾದ ಜಾಗ ಎಲ್ಲಿದೆ ಎಂದು ತಿಳಿಯಬೇಕಾದಾಗ ಮಾತ್ರ ಗೆರೆಗಳಿಗೆ ಮರಳುತ್ತೇನೆ. ಇನ್ನು 40 ಮೀಟರ್ ಅಗಲದ ತೊರೆಯನ್ನು ಸೆಂಟಿನೆಲ್ ಚಿತ್ರದಲ್ಲಿ ಅಳೆಯಹೊರಟವರಿಗೆ ಸಿಗುವುದು ನಾಲ್ಕು ಪಿಕ್ಸೆಲ್ ಮಾತ್ರ, ಅದರಲ್ಲೂ ಎರಡು ಅಂಚುಗಳಲ್ಲಿ ನೀರು ಮತ್ತು ನೆಲ ಬೆರೆತಿರುತ್ತವೆ. ಅಂಥ ಕೆಲಸಕ್ಕೆ ಈ ಏರ್ಪಾಡನ್ನು ನಾನು ಶಿಫಾರಸು ಮಾಡಲಾರೆ.