ಅಲಾರಂ ಯಾರ ಕಿವಿಗೆ ಕೇಳಬೇಕು: ಹದಿನಾಲ್ಕು ತಿಂಗಳ ಬಳಕೆಯ ನಂತರ

ನಮ್ಮ ಅತ್ತೆಯವರಿಗೆ 79 ವರ್ಷ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಎಂದು ವೈದ್ಯರು ಹೇಳಿ ನಾಲ್ಕು ವರ್ಷವಾಯಿತು. ಆಲ್ದೂರಿನ ಹತ್ತಿರದ ತೋಟದ ಮನೆಯಲ್ಲಿ ಬಾಳಿದವರು ಈಗ ಚಿಕ್ಕಮಗಳೂರಿನ ಕಡೂರು ರಸ್ತೆಯ ಕಡೆ ಇರುವ ನಮ್ಮ ಮನೆಯಲ್ಲಿದ್ದಾರೆ. 2023ರ ಡಿಸೆಂಬರಿನ ಒಂದು ಬೆಳಗಿನ ಜಾವ ಹಾಲು ಹಾಕುವ ಹುಡುಗ ಅವರನ್ನು ಕೈಹಿಡಿದು ಮನೆಗೆ ಕರೆತಂದ. ಮಳೆ ಬರುವ ಹಾಗಿದೆ, ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲು ಮುಚ್ಚಬೇಕು ಎಂದು ಹೊರಟವರು ಬರಿಗಾಲಿನಲ್ಲಿ ಮುಖ್ಯರಸ್ತೆಯವರೆಗೆ ಹೋಗಿದ್ದರು. ಆ ವಾರವೇ ನಾವು ಚಲನೆ ಗುರುತಿಸುವ ಸೆನ್ಸರುಗಳ ಕಿಟ್ ಕೊಂಡೆವು.

ಎರಡು ಚಲನೆ ಸೆನ್ಸರು, ಒಂದು ಬಾಗಿಲ ಸೆನ್ಸರು, ಒಂದು ಸೈರನ್, ಮೊಬೈಲಿನ ಆಪ್ ಎಲ್ಲಾ ಸೇರಿ ಸುಮಾರು ಒಂಬತ್ತು ಸಾವಿರ ರೂಪಾಯಿ. ಇದೇ ಬಗೆಯವು ನಾಲ್ಕಾರು ಹೆಸರಿನಲ್ಲಿ ಸಿಗುವುದರಿಂದ ಹೆಸರು ಮುಖ್ಯವಲ್ಲ. ಡಬ್ಬದ ಮೇಲೆ ಹಿರಿಯರ ಸುರಕ್ಷತೆಗೆ ಎಂದು ಬರೆದಿತ್ತು, ಆದರೆ ಒಳಗಿದ್ದದ್ದು ಕಳ್ಳರನ್ನು ಹೆದರಿಸಲು ಮಾಡಿದ ವಸ್ತು ಎಂಬುದು ಮೊದಲ ರಾತ್ರಿಯೇ ಗೊತ್ತಾಯಿತು.

ಅಂದು ಎರಡೂವರೆಯ ಹೊತ್ತಿಗೆ ಅತ್ತೆಯವರು ಮಂಚದಿಂದ ಕಾಲಿಳಿಸಿದ ಕೂಡಲೇ ಅವರ ತಲೆಯ ಮೇಲಿನ ಗೋಡೆಯಲ್ಲಿದ್ದ ಸೈರನ್ ಕೂಗಿಕೊಂಡಿತು. ನಾನು ಓಡಿ ಹೋಗುವಷ್ಟರಲ್ಲಿ ಅವರು ಎರಡೂ ಕಿವಿ ಮುಚ್ಚಿಕೊಂಡು ಬಾಗಿಲ ಕಡೆಗೇ ನುಗ್ಗುತ್ತಿದ್ದರು. ಯಾವುದನ್ನು ತಡೆಯಲೆಂದು ಅಲಾರಂ ಹಾಕಿದ್ದೆವೋ ಅದನ್ನೇ ಅದು ಮಾಡಿಸುತ್ತಿತ್ತು. ಹೆದರಿದವರಿಗೆ ಆ ಸದ್ದು ಎಲ್ಲಿಂದ ಬಂತು, ಏಕೆ ಬಂತು ಎಂದು ತಿಳಿಸಬಹುದು, ಆದರೆ ತಿಳಿಸಿದ್ದು ಮರುಕ್ಷಣಕ್ಕೆ ಉಳಿಯುವುದಿಲ್ಲ, ಹೆದರಿಕೆ ಮಾತ್ರ ಉಳಿಯುತ್ತದೆ. ಮೂರನೆಯ ವಾರದ ಹೊತ್ತಿಗೆ ಅವರು ರಾತ್ರಿ ಏಳುವುದನ್ನೇ ನಿಲ್ಲಿಸಿದರು. ಆಪ್‌ನಲ್ಲಿ ಒಂದೂ ಎಚ್ಚರಿಕೆ ದಾಖಲಾಗದಿದ್ದುದನ್ನು ಕಂಡು ನಾವು ಸಮಾಧಾನಪಟ್ಟೆವು. ನಿಜವಾಗಿ ನಡೆದದ್ದು ಬೇರೆ. ನೆಲಕ್ಕೆ ಕಾಲಿಟ್ಟರೆ ಏನೋ ಕೂಗುತ್ತದೆ ಎಂಬುದು ಅವರ ಮೈಗೆ ನೆನಪಾಗಿ, ಬಚ್ಚಲಿಗೆ ಹೋಗಬೇಕೆನಿಸಿದರೂ ಇಳಿಯದೆ ಹಾಸಿಗೆಯಲ್ಲೇ ಒದ್ದೆ ಮಾಡಿಕೊಂಡು ನಾಚಿಕೆಯಿಂದ ಬೆಳಗಿನವರೆಗೆ ಮುದುಡಿ ಮಲಗಿರುತ್ತಿದ್ದರು. ಇದಕ್ಕಾಗಿ ಹಣ ಕೊಟ್ಟೆವಲ್ಲ ಎಂಬ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ಸಹಾಯವಾಣಿಗೆ ಕರೆ ಮಾಡಿದರೆ ಸದ್ದು ಕಡಿಮೆ ಮಾಡಿಕೊಳ್ಳಿ ಎಂದರು. ಅತಿ ಕಡಿಮೆಯಲ್ಲಿಟ್ಟರೂ ಪಕ್ಕದ ಮನೆಯವರು ಎದ್ದು ದೀಪ ಹಾಕುತ್ತಿದ್ದರು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದೊಂದಿಗೆ ಬದುಕುತ್ತಿದ್ದಾರೆ. ಇಷ್ಟು ಮನೆಗಳಿಗೆ ಮಾರುವ ವಸ್ತುವಿನಲ್ಲಿ ಸದ್ದು ಯಾವ ಕೋಣೆಯಲ್ಲಿ ಬರಬೇಕು ಎಂಬಷ್ಟನ್ನಾದರೂ ಯೋಚಿಸಬಾರದೇ?

ಸೈರನ್ ಕಿತ್ತು ಹಾಕಿ, ಎಚ್ಚರಿಕೆ ಮೊಬೈಲಿಗೆ ಮಾತ್ರ ಬರುವಂತೆ ಮಾಡಿಕೊಂಡು ಐದು ತಿಂಗಳು ಕಳೆದೆವು. ಬೇಸಿಗೆಯಲ್ಲಿ ಪರವಾಗಿರಲಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಕರೆಂಟು ಹೋದಾಗಲೆಲ್ಲ ರೂಟರ್ ನಿಲ್ಲುತ್ತಿತ್ತು, ರೂಟರ್ ನಿಂತರೆ ಸಂದೇಶ ಬರುತ್ತಿರಲಿಲ್ಲ. ಅಂಥ ಒಂದು ರಾತ್ರಿ ಅತ್ತೆಯವರು ಹಿತ್ತಿಲಿನಲ್ಲಿ ನೆನೆಯುತ್ತ ನಿಂತಿದ್ದರು, ನನ್ನ ಮೊಬೈಲು ದಿಂಬಿನ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು.

ಈಗಿನ ವ್ಯವಸ್ಥೆ ಜುಲೈನಿಂದ ನಡೆದಿದೆ, ಇದರ ಬಗ್ಗೆ ನನಗೆ ಒಳ್ಳೆಯ ಮಾತಿದೆ. ಇಂಟರ್ನೆಟ್ಟಿನ ಹಂಗಿಲ್ಲದ, ಚಲನೆ ಸೆನ್ಸರಿನೊಂದಿಗೇ ಬರುವ ವೈರ್‌ಲೆಸ್ ಬೆಲ್ಲು. ಬೆಲೆ ಒಂದೂವರೆ ಸಾವಿರದೊಳಗೆ. ಸೆನ್ಸರು ಅತ್ತೆಯವರ ಕೋಣೆಯಲ್ಲಿ, ಬೆಲ್ಲು ನನ್ನ ತಲೆದಿಂಬಿನ ಹತ್ತಿರ, ಯುಪಿಎಸ್ ಇರುವ ಪ್ಲಗ್ಗಿನಲ್ಲಿ. ಎರಡು ಸ್ವರದ ಮೆಲ್ಲನೆಯ ನಾದ ಹತ್ತಿರದಿಂದ ಕೇಳುವುದು ನನಗೆ ಮಾತ್ರ. ಸೆನ್ಸರು ಮೈಯ ಶಾಖ ಸರಿದಾಡುವುದನ್ನು ಗುರುತಿಸುವುದರಿಂದ, ಗೋಡೆಯ ಮೇಲಿಟ್ಟರೆ ಮಗ್ಗುಲು ಬದಲಿಸಿದರೂ ಬಡಿಯುತ್ತದೆ. ಅದನ್ನು ಮಂಚದ ಕೆಳಗೆ ಮೊಣಕಾಲಿಗಿಂತ ತಗ್ಗಿನಲ್ಲಿ ಅಂಟಿಸಿ, ಮುಂಭಾಗದ ಅರ್ಧಕ್ಕೆ ಟೇಪು ಹಾಕಿದ್ದೇನೆ. ಈಗ ಪಾದ ನೆಲಕ್ಕೆ ಇಳಿದರೆ ಮಾತ್ರ ಸದ್ದು. ಆಗೊಮ್ಮೆ ಈಗೊಮ್ಮೆ ಬೆಕ್ಕು ಎಬ್ಬಿಸುತ್ತದೆ, ಅಷ್ಟು ಸಹಿಸಬಹುದು.

ರಾತ್ರಿ ಊಟವಾದ ಮೇಲಿನ ಕೆಲಸ ಈಗ ಕೈಗೆ ಒಗ್ಗಿಹೋಗಿದೆ. ಅತ್ತೆಯವರ ಚಪ್ಪಲಿಯನ್ನು ಮಂಚದಡಿಯಿಂದ ತೆಗೆದು, ಇಳಿದ ಕಾಲಿಗೆ ನೇರ ಸಿಗುವಂತೆ ಇಡುತ್ತೇನೆ. ಬಚ್ಚಲಿನ ದೀಪ ಹಾಕಿ ಬಾಗಿಲನ್ನು ಒಂದು ಗೇಣು ತೆರೆದಿಡುತ್ತೇನೆ, ಬೆಳಕು ಕಂಡ ಕಡೆಗೇ ಅವರು ನಡೆಯುತ್ತಾರೆ. ಕಂಬಳಿಯ ತುದಿ ನೆಲಕ್ಕೆ ಜೋಲದಂತೆ ಒಳಗೆ ಸಿಕ್ಕಿಸುತ್ತೇನೆ. ಕೊನೆಯಲ್ಲಿ ಸೆನ್ಸರಿನ ಮುಂದೆ ಕೈಯಾಡಿಸಿದರೆ ನನ್ನ ಕೋಣೆಯಿಂದ ಬೆಲ್ಲು ಕೇಳಬೇಕು. ಮೊದಲು ಅವರು "ಅದೇನೇ ಅದು?" ಎಂದು ದಿನವೂ ಕೇಳುತ್ತಿದ್ದರು, ನಾನು "ನೀವು ಎದ್ರೆ ನಂಗೆ ಗೊತ್ತಾಗ್ಲಿ ಅಂತ, ಅತ್ತೆ" ಎನ್ನುತ್ತಿದ್ದೆ. "ನಿನ್ನ ನಿದ್ದೆ ಹಾಳಲ್ವೇನೇ" ಎಂದು ಪ್ರತಿ ಸಲವೂ ಮರುಗುತ್ತಿದ್ದರು. ಕ್ಯಾಮೆರಾ ಹಾಕೋಣವೆಂದು ನನ್ನ ಯಜಮಾನರು ಹೇಳಿದಾಗ ನಾನು ಒಪ್ಪದಿರಲು ಈ ಮಾತೂ ಒಂದು ಕಾರಣ. ಹೀಗೆ ಮರುಗುವವರನ್ನು ಅವರಿಗೆ ತಿಳಿಯದಂತೆ ನೋಡುತ್ತ ಕೂರುವುದು ನನ್ನಿಂದಾಗದು.

ಬೆಲ್ಲು ಬಾರಿಸಿದ ಹೊತ್ತನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುತ್ತಾ ಬಂದಾಗ, ಹೆಚ್ಚಿನ ದಿನ ಎರಡೂಕಾಲರಿಂದ ಎರಡೂಮುಕ್ಕಾಲರ ನಡುವೆಯೇ ಅವರು ಏಳುವುದು ಕಂಡಿತು. ಈಗ ಎರಡು ಗಂಟೆಗೆ ನಾನೇ ಎದ್ದು ಬಚ್ಚಲಿಗೆ ಕರೆದೊಯ್ಯುತ್ತೇನೆ. ವಾರದಲ್ಲಿ ನಾಲ್ಕೈದು ರಾತ್ರಿ ಬೆಲ್ಲು ಬಾರಿಸುವುದೇ ಇಲ್ಲ, ಹಾಸಿಗೆಯೂ ಒಣಗಿರುತ್ತದೆ.

ಕೊಳ್ಳುವವರು ಒಂದನ್ನು ತಿಳಿದಿರಬೇಕು. ಅಲಾರಂ ಬೀಳುವವರನ್ನು ಹಿಡಿಯುವುದಿಲ್ಲ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಅಲಾರಂಗಳ ಬಳಕೆಯನ್ನು ಹೆಚ್ಚಿಸಿ ನೋಡಿದಾಗ ರೋಗಿಗಳು ಬೀಳುವುದು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ ಎಂದು 2012ರ ಅಧ್ಯಯನವೊಂದು ಹೇಳಿತು. ನನ್ನ ಕೋಣೆಯಿಂದ ಅವರ ಮಂಚಕ್ಕೆ ಹನ್ನೊಂದು ಹೆಜ್ಜೆ. ಮೇಲಿನ ಮಹಡಿಯಲ್ಲಿ ಮಲಗುವವರು ಇದನ್ನು ನಂಬಿ ಕೂರಬಾರದು. ಪಕ್ಕದಲ್ಲೇ ಮಲಗುವವರಿಗೆ ಇದರ ಅಗತ್ಯವೇ ಇಲ್ಲ.

ಬಾಗಿಲ ಸೆನ್ಸರು ಮಾತ್ರ ಹಳೆಯ ಕಿಟ್ಟಿನದೇ. ಬಾಗಿಲಿನ ಅಯಸ್ಕಾಂತ ದಾರಂದದಲ್ಲಿರುವ ತುಂಡಿನಿಂದ ದೂರ ಸರಿದರೆ ಅದು ತೆರೆದಂತೆ ಲೆಕ್ಕ. ಪುಷ್ಯ ಮಳೆಗೆ ಹಲಸಿನ ಬಾಗಿಲು ಊದಿ ದಾರಂದಕ್ಕೆ ಸರಿಯಾಗಿ ಕೂರದೆ, ಮುಚ್ಚಿದ ಬಾಗಿಲನ್ನೂ ಅದು ತೆರೆದಿದೆ ಎನ್ನತೊಡಗಿತು. ಬಡಗಿ ಬಂದು ಅಂಚು ಹೆರೆಯುವವರೆಗೆಂದು ತೋಟದ ಮನೆಯಿಂದ ತಂದಿದ್ದ ಹಸುವಿನ ಕೊರಳಗಂಟೆಯನ್ನು ಚಿಲಕಕ್ಕೆ ಕಟ್ಟಿದ್ದೆ. ಬಾಗಿಲು ಸರಿಯಾಯಿತು, ಗಂಟೆಯನ್ನು ಬಿಚ್ಚಲಿಲ್ಲ. ಹೋದ ವಾರ ಅದರ ಸದ್ದಿಗೆ ಎದ್ದು ಹೋದಾಗ ಅತ್ತೆಯವರು ಚಿಲಕ ಹಿಡಿದು ನಿಂತಿದ್ದರು, ಮುಖದಲ್ಲಿ ಹೆದರಿಕೆಯಿರಲಿಲ್ಲ. "ಕಾಫಿ ನೆನೀತದೆ" ಎಂದರು. "ಮುಚ್ಚಿ ಬಂದೆ ಅತ್ತೆ, ನಾಲ್ಕೂ ಮೂಲೆಗೆ ಕಲ್ಲು ಇಟ್ಟಿದೀನಿ" ಎಂದೆ. ಕೈ ಹಿಡಿದುಕೊಂಡು ತಾವೇ ಮಂಚದ ಕಡೆಗೆ ತಿರುಗಿದರು.