ನೀಲ್ ಸೈಮನ್: ಮೊದಲು 'ದಿ ಆಡ್ ಕಪಲ್' ಓದಬೇಕಾ, 'ಲಾಸ್ಟ್ ಇನ್ ಯಾಂಕರ್ಸ್' ಓದಬೇಕಾ?

ಅಮೆರಿಕದ ನೀಲ್ ಸೈಮನ್ (1927–2018) ಬರೆದದ್ದು ಒಂದೆರಡು ನಾಟಕವಲ್ಲ. ಎಲ್ಲಿಂದ ಶುರು ಮಾಡೋದು ಅನ್ನುವವರಿಗೆ ನಾನು ಈ ಎರಡನ್ನು ಮುಂದಿಡುತ್ತೇನೆ.

1965ರ 'ದಿ ಆಡ್ ಕಪಲ್' ನಗಿಸುವುದರಲ್ಲಿ ಮುಂದು. ಆಸ್ಕರ್‌ನ ಮನೆ ತುಂಬ ಕಸ. ಸಂಸಾರ ಮುರಿದ ಗೆಳೆಯ ಫೀಲಿಕ್ಸ್ ಅಲ್ಲಿಗೆ ಬಂದು ಸೇರುತ್ತಾನೆ. ಅವನಿಗೆ ಚೂರು ಧೂಳು ಕಂಡರೂ ಆಗದು. ಕಥೆ ಇಷ್ಟೇ. ಒಂದೇ ಸೆಟ್, ಎಂಟು ಪಾತ್ರ. ಆಡಿಸುವ ಆಸೆಯಿದ್ದರೆ ಇದೇ ಸುಲಭ. ಹೆಂಗಸರ ತಂಡವಾದರೆ ಸೈಮನ್ ಅವರೇ 1985ರಲ್ಲಿ ಬರೆದ ಇನ್ನೊಂದು ರೂಪವೂ ಇದೆ.

1991ರ 'ಲಾಸ್ಟ್ ಇನ್ ಯಾಂಕರ್ಸ್' ಬೇರೆಯೇ ಥರ. ಇದಕ್ಕೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು. ಕಾಲ 1942. ತಾಯಿ ತೀರಿಕೊಂಡಿದ್ದಾಳೆ, ಅಪ್ಪನ ತಲೆ ಮೇಲೆ ಸಾಲ. ಅವನು ಊರೂರು ತಿರುಗಿ ದುಡಿಯಲು ಹೊರಟಾಗ ಇಬ್ಬರು ಹುಡುಗರು ಅಜ್ಜಿಯ ಪಾಲಾಗುತ್ತಾರೆ. ಅಜ್ಜಿ ಮಿಠಾಯಿ ಅಂಗಡಿಯವಳು, ಆದರೆ ಬಾಯಲ್ಲಿ ಒಂದು ಸಿಹಿ ಮಾತಿಲ್ಲ! ನನ್ನ ಮನಸ್ಸು ನಿಲ್ಲುವುದು ಅತ್ತೆ ಬೆಲ್ಲಾಳ ಹತ್ತಿರ. ವಯಸ್ಸು ಮೂವತ್ತೈದು, ಮನಸ್ಸು ಮಗುವಿನದು. ನನಗೂ ಮದುವೆ ಬೇಕು, ಮಕ್ಕಳು ಬೇಕು ಅಂತ ಅವಳು ಮನೆಯವರ ಮುಂದೆ ಹೇಳುವ ದೃಶ್ಯ ಇದೆಯಲ್ಲ, ಅಲ್ಲಿ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಸುಮ್ನೆ ನಕ್ಕು ಹಗುರಾಗಬೇಕಾ? ಮೊದಲನೆಯದು. ಒಂದೇ ಒಂದು ಓದಲು ಸಮಯವಿದ್ದರೆ ಮಾತ್ರ ಬೆಲ್ಲಾಳನ್ನು ಬಿಡಬೇಡಿ.