ತಟ್ಟೆ, ಓಎಇ, ಬೇರಾ: ಇಬ್ಬರು ಮಕ್ಕಳಿಗೆ ಮಾಡಿಸಿ ನೋಡಿದ ಮೇಲೆ

ನನ್ನ ಹತ್ತಿರ ಒಂದು ಪ್ಲಾಸ್ಟಿಕ್ ಫೈಲಿದೆ. ಮೊದಲನೇ ಕಾಗದ ಮಗಳು ಹುಟ್ಟಿದಾಗಿನ ಓಎಇ ಚೀಟಿ. ಓಎಇ ಅಂದರೆ ಹುಟ್ಟಿದ ಮಗುವಿಗೆ ಕಿವಿ ಕೇಳುತ್ತದಾ ಅಂತ ನೋಡುವ ಒಂದು ಪರೀಕ್ಷೆ. ಎರಡೂ ಕಿವಿಗೆ ‘ಪಾಸ್’ ಅಂತ ಇದೆ. ಅದರ ಹಿಂದೆಯೇ, ಅವಳಿಗೆ 11 ತಿಂಗಳಾದಾಗ ಮಾಡಿಸಿದ ಇನ್ನೊಂದು ಕಿವಿ ಪರೀಕ್ಷೆ, ಬೇರಾದ ರಿಪೋರ್ಟ್. ಅದರಲ್ಲಿ ಎರಡೂ ಕಿವಿಯ ಗೆರೆ ನೆಟ್ಟಗೆ ಮಲಗಿದೆ, ಅಂದರೆ ಸದ್ದಿಗೆ ಉತ್ತರವೇ ಇಲ್ಲ. ಅದೇ ಮಗು, ಅವೇ ಕಿವಿ. ಎರಡು ಪರೀಕ್ಷೆ ಎರಡು ಮಾತು ಹೇಳಿದವು, ಎರಡೂ ಸುಳ್ಳಲ್ಲ. ಇದು ನನಗೆ ಅರ್ಥವಾಗುವಷ್ಟರಲ್ಲಿ ಒಂದು ವರ್ಷ ಕಳೆದುಹೋಗಿತ್ತು. ಎರಡನೆಯವನು, ಮಗ, ಹುಟ್ಟಿದಾಗ ಹುಷಾರಾಗಿದ್ದೆ. ಹಾಗಾಗಿ ಮೂರು ಬಗೆಯ ಪರೀಕ್ಷೆಯನ್ನೂ ನನ್ನ ಕಣ್ಣಾರೆ ನೋಡಿದ್ದೇನೆ.

ಮೊದಲು ತಟ್ಟೆ. ಎಲ್ಲರ ಮನೆಯಲ್ಲೂ ಮಾಡುವುದು ಇದೇ ಅಲ್ವಾ? ನಮ್ಮೂರು ಅರಸೀಕೆರೆ ಹತ್ತಿರ. ಎಂಟು ತಿಂಗಳಾದರೂ ಮಗಳು ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಅತ್ತೆ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದರು. ತಿರುಗಿದಳು. “ನೋಡವ್ವಾ, ಕೇಳ್ತದೆ. ನಿನ್ನ ಗಂಡನೂ ಮೂರು ವರ್ಷಕ್ಕೇ ಮಾತಾಡಿದ್ದು” ಅಂದರು. ನಾನೂ ನಂಬಿದೆ. ನಂಬಬೇಕು ಅಂತ ಆಸೆಯೂ ಇತ್ತು.

ಒಂದು ಸಂಜೆ ಮನಸ್ಸು ತಡೆಯಲಿಲ್ಲ. ನೆರಳು ಬೀಳದ ಹಾಗೆ ಅವಳ ಬೆನ್ನ ಹಿಂದೆ ದೂರದಲ್ಲಿ ಕೂತು ಬಡಿದೆ. ಇಡ್ಲಿ ಚೂರನ್ನು ಕೈಯಲ್ಲಿ ಹಿಸುಕುತ್ತಾ ಕೂತೇ ಇದ್ದಳು. ಆಮೇಲೆ ತಟ್ಟೆ ಮುಟ್ಟದೆ, ದೀಪದ ಮುಂದೆ ಸುಮ್ನೆ ಸೌಟು ಬೀಸಿದೆ. ಎದುರಿನ ಗೋಡೆ ಮೇಲೆ ನೆರಳು ಆಡಿತು. ಥಟ್ಟನೆ ತಿರುಗಿ ನಕ್ಕಳು. ನನ್ನ ಕೈ ತಣ್ಣಗಾಯಿತು. ಮಕ್ಕಳು ನೆರಳಿಗೆ ತಿರುಗುತ್ತಾರೆ, ಗಾಳಿಗೆ ತಿರುಗುತ್ತಾರೆ, ನೆಲ ಅದುರಿದರೂ ತಿರುಗುತ್ತಾರೆ. ತಟ್ಟೆಯಿಂದ ಅನುಮಾನ ಹುಟ್ಟಿದರೆ ಒಳ್ಳೆಯದೇ. ಆದರೆ ಇರುವ ಅನುಮಾನವನ್ನು ತಟ್ಟೆಯಿಂದ ಕಳೆದುಕೊಳ್ಳಬೇಡಿ.

ಓಎಇಯಲ್ಲಿ ಕಿವಿಗೆ ಮೆತ್ತನೆಯ ತುದಿಯಿರುವ ಪ್ರೋಬ್ ಇಡುತ್ತಾರೆ. ಅದು ಟಿಕ್ ಟಿಕ್ ಅಂತ ಸದ್ದು ಬಿಡುತ್ತದೆ. ಒಳಕಿವಿಯಲ್ಲಿರುವ ಸಣ್ಣ ಕೂದಲಿನಂಥ ಜೀವಕೋಶಗಳು ಚೆನ್ನಾಗಿದ್ದರೆ ಕಿವಿಯೇ ತಿರುಗಿ ಒಂದು ಕ್ಷೀಣ ಸದ್ದು ಕೊಡುತ್ತದೆ. ಅದನ್ನು ಪ್ರೋಬಿನಲ್ಲಿರುವ ಮೈಕ್ ಹಿಡಿಯುತ್ತದೆ. ಕಿವಿ ಹೀಗೆ ಸದ್ದು ಮಾಡುತ್ತದೆ ಅಂತ 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ತೋರಿಸಿಕೊಟ್ಟರು. ಮಗು ಸುಮ್ಮನಿದ್ದರೆ ಐದು ನಿಮಿಷದ ಕೆಲಸ. ನೋವಿಲ್ಲ, ಖರ್ಚೂ ಕಡಿಮೆ. ಸಾವಿರಾರು ಮಕ್ಕಳನ್ನು ನೋಡಬೇಕಾದ ಆಸ್ಪತ್ರೆಗೆ ಇದಕ್ಕಿಂತ ಅನುಕೂಲದ್ದು ಇಲ್ಲ.

ಆದರೆ ಇದು ಎರಡು ಕಡೆ ಎಡವಿದ್ದನ್ನು ನಾನು ನೋಡಿದ್ದೇನೆ. ಮಗನಿಗೆ ಹುಟ್ಟಿದ ಮರುದಿನ ಮಾಡಿದಾಗ ಎರಡೂ ಕಿವಿಗೆ ‘ರೆಫರ್’ ಬಂತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. 15 ದಿನ ಬಿಟ್ಟು ಮಾಡಿದಾಗ ಎರಡೂ ಪಾಸ್. ಹುಟ್ಟಿದ ಒಂದೆರಡು ದಿನ ಮಕ್ಕಳ ಕಿವಿಯಲ್ಲಿ ನೀರು, ಬಿಳಿ ಜಿಡ್ಡು ಇರುತ್ತದೆ, ಅದಕ್ಕೇ ಹೀಗಾಗುತ್ತದಂತೆ. ‘ರೆಫರ್’ ಅಂದರೆ ಕಿವುಡು ಅಂತ ಅಲ್ಲ, ಮತ್ತೆ ನೋಡಬೇಕು ಅಂತ. ಈ ತಪ್ಪು 15 ದಿನದ ಅಳುವಿನಲ್ಲಿ ಮುಗಿಯಿತು.

ಮಗಳದ್ದು ಹಾಗಲ್ಲ. ಅವಳಿಗೆ ಕಾಮಾಲೆ ವಿಪರೀತ ಏರಿ ರಕ್ತ ಬದಲಾಯಿಸಬೇಕಾಯಿತು. ಒಂಬತ್ತು ದಿನ ನವಜಾತ ಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿದ್ದಳು. ಡಿಸ್ಚಾರ್ಜ್ ದಿನ ಓಎಇ ಮಾಡಿ ಪಾಸ್ ಚೀಟಿ ಕೊಟ್ಟರು. ಅವಳ ಒಳಕಿವಿಯ ಆ ಕೋಶಗಳು ನಿಜವಾಗಿಯೂ ಚೆನ್ನಾಗಿದ್ದವು. ತೊಂದರೆ ಇದ್ದದ್ದು ಅದರಾಚೆ, ಸದ್ದನ್ನು ಮಿದುಳಿಗೆ ಒಯ್ಯುವ ನರದ ದಾರಿಯಲ್ಲಿ. ಆಡಿಟರಿ ನ್ಯೂರೋಪತಿ ಅನ್ನುತ್ತಾರೆ. ಕಾಮಾಲೆ ಜಾಸ್ತಿಯಾದ ಮಕ್ಕಳಲ್ಲಿ ಇದು ಬರುವುದುಂಟು. ಓಎಇ ಅಷ್ಟು ದೂರ ಹೋಗಿ ನೋಡುವುದೇ ಇಲ್ಲ. ಎನ್‌ಐಸಿಯುನಲ್ಲಿದ್ದ ಮಗುವಿಗೆ ಇದೊಂದೇ ಸಾಲದು ಅಂತ ಆವತ್ತು ಯಾರೂ ಹೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಬೇರಾ ನೋಡುವುದು ಆ ನರದ ದಾರಿಯನ್ನೇ. ಹಣೆ ಮೇಲೆ, ಕಿವಿ ಹಿಂದೆ ಜೆಲ್ ಹಾಕಿ ತಿಕ್ಕಿ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಕಿವಿಗೆ ಸದ್ದು ಕೊಟ್ಟು, ನರ ಮತ್ತು ಮಿದುಳಿನ ಬುಡದಿಂದ ಬರುವ ಅಲೆಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಮಗು ನಿದ್ದೆ ಮಾಡಲೇಬೇಕು. ಕಷ್ಟ ಇರುವುದು ಇಲ್ಲೇ. ಮೊದಲ ಸಲ ಮಗಳು ನಿದ್ದೆ ಮಾಡದೆ ವಾಪಸ್ ಬಂದೆವು. ಎರಡನೇ ಸಲ ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿ, ದಾರಿಯುದ್ದಕ್ಕೂ ಮಲಗಲು ಬಿಡದೆ ಕರೆದೊಯ್ದೆವು. ಅಲ್ಲಿ ನಿದ್ದೆ ಬರುವ ಸಿರಪ್ ಕೊಟ್ಟರು. ಸುಮಾರು ಒಂದು ಗಂಟೆ ಹಿಡಿಯಿತು. ಖರ್ಚೂ ಓಎಇಗಿಂತ ಜಾಸ್ತಿ. ಎರಡು ತಿಂಗಳ ಒಳಗೆ ಮಾಡಿಸಿದರೆ ಎಷ್ಟೋ ಸುಲಭ. ಮಗನಿಗೆ ಆರು ವಾರಕ್ಕೆ ಮಾಡಿಸಿದೆ. ಹಾಲು ಕುಡಿದು ತೊಡೆ ಮೇಲೇ ಮಲಗಿದ, ಸಿರಪ್ ಬೇಕಾಗಲಿಲ್ಲ. ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಪರದೆಯ ಮೇಲೆ ಬೆರಳಿಟ್ಟು “ಇದು ಐದನೇ ಅಲೆ, ನೋಡಿ, 30 ಡೆಸಿಬೆಲ್‌ಗೂ ಬರ್ತಿದೆ” ಅಂದರು. ಸಣ್ಣ ದಿಬ್ಬದ ಹಾಗಿತ್ತು. ಮಗಳ ಕಾಗದದಲ್ಲಿ 90 ಡೆಸಿಬೆಲ್‌ಗೂ ಆ ದಿಬ್ಬ ಇರಲಿಲ್ಲ.

ಬೇರಾಕ್ಕೂ ಒಂದು ಮಿತಿ ಇದೆ. ಆಡಿಟರಿ ನ್ಯೂರೋಪತಿ ಇದ್ದಾಗ ಗೆರೆ ಮಲಗಿದ ಮಾತ್ರಕ್ಕೆ ಮಗುವಿಗೆ ಏನೂ ಕೇಳಿಸುವುದಿಲ್ಲ ಅಂತ ಅಲ್ಲ. ಎಷ್ಟು ಕೇಳಿಸುತ್ತದೆ ಅಂತ ತಿಳಿಯಲು ಸೌಂಡ್ ರೂಮಿನಲ್ಲಿ ಕೂರಿಸಿ, ಸದ್ದು ಬಂದ ಕಡೆ ತಿರುಗಿದರೆ ಲೈಟ್ ಹತ್ತುವ ಗೊಂಬೆ ತೋರಿಸುವ ಪರೀಕ್ಷೆಯೂ ಬೇಕಾಯಿತು. ಅದು ಸುಮಾರು ಆರು ತಿಂಗಳ ಮೇಲಿನ ಮಕ್ಕಳಿಗೆ.

ಹಾಗಾದರೆ ಯಾವುದು ಮಾಡಿಸಬೇಕು? ಹೆರಿಗೆ ಸಲೀಸಾಗಿ ಆಗಿ, ಮಗು ಆರೋಗ್ಯವಾಗಿದ್ದರೆ ಓಎಇಯಿಂದ ಶುರು ಮಾಡಿ. ಎರಡನೇ ಸಲವೂ ರೆಫರ್ ಬಂದರೆ ಬೇರಾ. ಮಗು ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುನಲ್ಲಿದ್ದರೆ ಅಥವಾ ರಕ್ತ ಬದಲಾಯಿಸುವಷ್ಟು ಕಾಮಾಲೆ ಬಂದಿದ್ದರೆ, ಓಎಇ ಪಾಸ್ ಆದರೂ ಬೇರಾ ಕೇಳಿ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಕಿವಿ ತೊಂದರೆ ಇದ್ದರೆ ಒಂದು ಪಾಸ್‌ಗೆ ಬಿಟ್ಟುಬಿಡಬೇಡಿ, ಆಮೇಲೂ ತೋರಿಸುತ್ತಿರಿ. ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಏನು ಅಂತ ತೀರ್ಮಾನ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಎಲ್ಲ ಕಡೆ ಹೇಳುವ ಲೆಕ್ಕ ಇದು. ಮಗಳ ವಿಷಯದಲ್ಲಿ ಮೊದಲನೆಯದು ಆ ಪಾಸ್ ಚೀಟಿಯಲ್ಲೇ ಮುಗಿಯಿತು, ಉಳಿದ ಎರಡನ್ನೂ ತಪ್ಪಿಸಿಕೊಂಡೆವು.

ಇನ್ನು ಮಗಳ ಮೆಷಿನ್ ವಿಷಯ. ಕಿವಿ ಹಿಂದೆ ಹಾಕುವ ಹಿಯರಿಂಗ್ ಏಡ್ ಆರು ತಿಂಗಳು ಹಾಕಿ ನೋಡಿದೆವು. ಬಾಗಿಲು ಬಡಿದರೆ ತಿರುಗುತ್ತಿದ್ದಳು, ಮಾತು ಮಾತ್ರ ಹಿಡಿಯುತ್ತಿರಲಿಲ್ಲ. ಸಿಗ್ನಲ್ ಸರಿಯಿಲ್ಲದ ಫೋನಿಗೆ ವಾಲ್ಯೂಮ್ ಜಾಸ್ತಿ ಮಾಡಿದ ಹಾಗೆ. ನಾವು ಹೋಗುತ್ತಿದ್ದ ಸೆಂಟರಿಗೇ ಬರುತ್ತಿದ್ದ ಇನ್ನೊಂದು ಮಗುವಿಗೆ ಬೇರೆ ಬಗೆಯ ಕಿವುಡು. ಅದಕ್ಕೆ ಅಂಥದ್ದೇ ಮೆಷಿನ್‌ನಲ್ಲಿ ಚೆನ್ನಾಗಿ ಮಾತು ಬಂತು. ಮಗಳಿಗೆ ಎರಡು ವರ್ಷಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತು. ಆಪರೇಷನ್ ಮಾಡಿ ಒಳಕಿವಿಗೆ ತಂತಿ ಕೂರಿಸಿ, ನೇರ ನರಕ್ಕೆ ಸಿಗ್ನಲ್ ಕೊಡುವ ಸಾಧನ ಅದು. ಕೇಂದ್ರದ ಎಡಿಪ್ ಯೋಜನೆಯಲ್ಲಿ ಬಡ ಮನೆಯ ಚಿಕ್ಕ ಮಕ್ಕಳಿಗೆ ಇದಕ್ಕೆ ಸಹಾಯ ಸಿಗುತ್ತದೆ, ವಯಸ್ಸು ಮೀರುವ ಮುಂಚೆ ಅರ್ಜಿ ಹಾಕಿ. ಆಪರೇಷನ್ ಆದಮೇಲೂ ವೈರು, ಕಾಯಿಲ್, ಬ್ಯಾಟರಿಗೆ ದುಡ್ಡು ಬೇಕು. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಕೇಳಿ ಮಾತು ಕಲಿಯುವ ತರಬೇತಿಗೆ ಎರಡು ದಾರಿ ನೋಡಿದೆ. ಒಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದದ್ದು. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು. ಅಲ್ಲಿನ ಪ್ರೀ ಸ್ಕೂಲಿನಲ್ಲಿ ತಾಯಂದಿರೂ ಕೂತು ಕಲಿಯುತ್ತಾರೆ. ಬಾಡಿಗೆ ರೂಮು ಮಾಡಿಕೊಂಡು ಇರಬೇಕಾಯಿತು, ಮನೆ ಎರಡಾಯಿತು. ಇನ್ನೊಂದು, ಆಮೇಲೆ ಊರಿಂದಲೇ ವಿಡಿಯೋ ಕಾಲ್‌ನಲ್ಲಿ ತೆಗೆದುಕೊಂಡ ಥೆರಪಿ. ರೈಲಿನ ಖರ್ಚಿಲ್ಲ, ಅತ್ತೆಯೂ ಪಕ್ಕದಲ್ಲಿ ಕೂತು ಕಲಿತರು. ಆದರೆ ಮೈಸೂರಿನ ಆ ಮೊದಲ ವರ್ಷ ಇಲ್ಲದಿದ್ದರೆ ಫೋನಿನಲ್ಲಿ ಏನು ಹೇಳುತ್ತಿದ್ದಾರೆ ಅಂತಲೇ ನನಗೆ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಕಲಿತದ್ದು ಅಡುಗೆಮನೆ ಕೆಲಸದಲ್ಲೇ ಪಾಠ ಮಾಡುವುದನ್ನು. ತುಟಿ ನೋಡಿ ಊಹಿಸದ ಹಾಗೆ, ಬಾಯಿ ತೋರಿಸದೆ, ಪಕ್ಕದಲ್ಲಿ ಕೂತು, “ಈರುಳ್ಳಿ ಕೊಡು” ಅನ್ನಬೇಕು. ಅವಳು ಕೊಡುವವರೆಗೂ ಕಾಯಬೇಕು. ಮೊದಲು ಟೊಮೇಟೊ ಕೊಡುತ್ತಿದ್ದಳು, ಆಮೇಲೆ ಬೆಳ್ಳುಳ್ಳಿ. ಈರುಳ್ಳಿ ಕೈಗೆ ಬರಲು ನಮಗೆ ಏಳು ವಾರ ಬೇಕಾಯಿತು.